ಮಹಾನಗರದಲ್ಲಿ ಮಕ್ಕಳ ಹಬ್ಬಗಳು: ಪುಣೆ ಮತ್ತು ಜಪಾನ್ (ಒಂದು ಅಭ್ಯಾಸ)

ಪುಣೆಯ ಸಿಂಹಗಡ ರಸ್ತೆಯ ಮೇಲಿರುವ ಪು. ಲ. ದೇಶಪಾಂಡೆ ಉದ್ಯಾನವನ್ನು ನಮ್ಮ ಮಂಡಳದ ಗೆಳೆಯರಲ್ಲಿ ಬಹಳ ಜನ ನೋಡಿದ್ದೀರಿ. ಅದಕ್ಕೆ ಪುಣೆ-ಓಕಾಯಾಮಾ ಮೈತ್ರಿ ಉದ್ಯಾನ ಎಂಬ ಹೆಸರೂ ಇದೆ. ಜಪಾನಿನ ಓಕಾಯಾಮಾ ನಗರದಲ್ಲಿ 1687ರಲ್ಲಿ ಕೆಲಸ ಸುರುವಾಗಿ 1700ರಲ್ಲಿ ಮುಗಿದ ಕೋರಾಕುಯೆನ್ ಎಂಬ ತೋಟದ ಮಾದರಿಯಲ್ಲಿ ಇದನ್ನು ಸುಮಾರು ಹತ್ತು ಎಕರೆ ಜಾಗದಲ್ಲಿ ಬೆಳೆಸಿದ್ದಾರೆ. ಒಂದು ಭಾನುವಾರ ಸಂಜೆ ಅಕ್ಕನ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಆರು ವರ್ಷದ ಹುಡುಗಿ. ಇದು ಜಪಾನಿನ ತರಹದ ತೋಟ ಅಂತ ಹೇಳಿದ ಕೂಡಲೆ, "ಮಾಮಾ, ಜಪಾನದಾಗ ಸಣ್ಣ ಹುಡುಗರಿಗೆ ಯಾವ ಹಬ್ಬ ಇರ್ತಾವ?" ಎಂದು ಕೇಳಿಬಿಟ್ಟಳು.

ನನಗೆ ಉತ್ತರ ಬರಲಿಲ್ಲ. ತಪ್ಪಿಸಿಕೊಳ್ಳಲಿಕ್ಕೆ, "ನಿನಗ ಯಾವ ಹಬ್ಬ ಇರ್ತಾವ, ಮೊದಲ ನೀ ಹೇಳು" ಅಂದೆ. ಆಕೆ ಬೆರಳು ಮಡಿಚಿ ಎಣಿಸಿದಳು: ಗಣಪತಿ, ಭೋಂಡಲಾ, ದೀಪಾವಳಿಯ ಕಿಲ್ಲಾ, ಸಂಕ್ರಾಂತಿ. ಆ ಎಣಿಕೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬರಲಿಲ್ಲ. ಗುಳ್ಳವ್ವ ಬರಲಿಲ್ಲ. ಜೋಕುಮಾರ ಬರಲಿಲ್ಲ. ಆಕೆಯ ತಾಯಿ ವಿಜಯಪುರ ಜಿಲ್ಲೆಯ ಹಳ್ಳಿಯಲ್ಲಿ ಈ ಮೂರನ್ನೂ ಆಡಿ ಬೆಳೆದವಳು. ಒಂದೇ ತಲೆಮಾರಿನಲ್ಲಿ ಮೂರು ಹಬ್ಬ ಲೆಕ್ಕದಿಂದ ಬಿದ್ದುಹೋಗಿದ್ದವು.

ಮನೆಗೆ ಬಂದ ಮೇಲೆ ಜಪಾನಿನ ಮಕ್ಕಳ ಹಬ್ಬಗಳ ಬಗ್ಗೆ ಸಿಕ್ಕಷ್ಟು ಓದಿದೆ. ಓದುತ್ತಾ ಹೋದ ಹಾಗೆ ಪ್ರಶ್ನೆ ಅವರದಷ್ಟೇ ಅಲ್ಲ, ನಮ್ಮದೂ ಹೌದು ಅನಿಸಿತು. ಋತುಮಾನಕ್ಕೆ ಅಂಟಿಕೊಂಡ ಹಬ್ಬ ದೊಡ್ಡ ಊರಿಗೆ ಬಂದಾಗ ಏನು ಉಳಿಯುತ್ತದೆ, ಏನು ಹೋಗುತ್ತದೆ, ಮತ್ತು ಯಾಕೆ? ಈ ಪುಟ್ಟ ಲೇಖನದ ವಿಷಯ ಇಷ್ಟೇ. ನಾನು ವಾಣಿಜ್ಯ ವಿಭಾಗದವನು, ಜಾನಪದ ಅಭ್ಯಾಸ ಮಾಡಿದವನಲ್ಲ. ಆದರೆ ಆ ಉದ್ಯಾನಕ್ಕೆ ಹೆಸರು ಕೊಟ್ಟ ಪು. ಲ. ಅವರ ತಾಯಿಯ ತಂದೆ ವಾಮನ ಮಂಗೇಶ ದುಭಾಷಿಯವರು 'ಋಗ್ವೇದಿ' ಎಂಬ ಹೆಸರಿನಲ್ಲಿ ಮರಾಠಿಯಲ್ಲಿ ಹಬ್ಬಗಳ ಇತಿಹಾಸವನ್ನೇ ಬರೆದವರು. ಆ ತೋಟದಲ್ಲಿ ಹುಟ್ಟಿದ ಪ್ರಶ್ನೆಯನ್ನು ಹಾಗೇ ಬಿಡುವುದು ಸರಿಯಲ್ಲ.

1. ಹಬ್ಬಕ್ಕೆ ಬೇಕಾಗುವ ಮೂರು ಸಂಗತಿಗಳು

ಸ್ಥೂಲವಾಗಿ ನೋಡಿದರೆ ಋತುಮಾನದ ಹಬ್ಬಕ್ಕೆ ಮೂರು ಬೇಕು: ತಿಥಿ, ಸಾಮಾನು, ಜಾಗ. ಉತ್ತರ ಕರ್ನಾಟಕದ ಮಣ್ಣಿನ ಹಬ್ಬಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮಳೆಗಾಲ ಸುರುವಾದ ಮೇಲೆ ನಮ್ಮ ಕಡೆ ಐದು ಸಲ ಮಣ್ಣಿನ ಪೂಜೆ ನಡೆಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣಿನ ಎತ್ತು. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳ ಗುಳ್ಳವ್ವ. ಶ್ರಾವಣ ಶುದ್ಧ ಪಂಚಮಿಗೆ ನಾಗಪ್ಪ. ಭಾದ್ರಪದದ ಚೌತಿಗೆ ಗಣಪ. ಅದೇ ತಿಂಗಳ ಹುಣ್ಣಿಮೆಯ ತನಕ ಬುಟ್ಟಿಯಲ್ಲಿ ಮನೆಮನೆ ತಿರುಗುವ ಜೋಕುಮಾರ.

ಇದರಲ್ಲಿ ಒಂದು ಕ್ರಮವಿದೆ ನೋಡಿ. ಬೇಸಿಗೆಯಲ್ಲಿ ನೆಲ ಕಲ್ಲಿನ ಹಾಗಿರುತ್ತದೆ, ಆಗ ಮಣ್ಣಿನ ಎತ್ತು ಮಾಡೆಂದರೆ ಯಾವ ಹುಡುಗನಿಗೂ ಆಗದು. ಮಳೆ ಬಿದ್ದು ಕೆರೆಯ ಅಂಚಿನ ಮಣ್ಣು ಮೆತ್ತಗಾಗುವ ಹೊತ್ತಿಗೇ ಹಬ್ಬ ಬರುತ್ತದೆ. ಹೊಲದಲ್ಲಿ ಬಿತ್ತನೆಯ ಮಾತು ನಡೆದಿರುತ್ತದೆ, ಮನೆಯ ಎತ್ತಿಗೆ ಕೆಲಸ ಹೆಚ್ಚು. ದೊಡ್ಡವರು ನಿಜವಾದ ಎತ್ತು ಹೂಡಿದರೆ ಸಣ್ಣವರು ಮಣ್ಣಿನ ಎತ್ತು ಮಾಡುತ್ತಾರೆ. ಹೀಗೆ ತಿಥಿ, ಸಾಮಾನು, ಜಾಗ ಮೂರೂ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಹಳ್ಳಿಯಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಅದರ ಅಗತ್ಯವೂ ಇಲ್ಲ. ದೊಡ್ಡ ಊರಿಗೆ ಬಂದಾಗ ಮಾತ್ರ ಮೂರೂ ಬೇರೆ ಬೇರೆ ಅಂತ ಗೊತ್ತಾಗುತ್ತದೆ, ಯಾಕೆಂದರೆ ಅವು ಒಂದೊಂದಾಗಿ ಕೈಬಿಡುತ್ತವೆ.

2. ತಿಥಿ ಬದಲಾದಾಗ: ಜಪಾನಿನ ಅನುಭವ

ಜಪಾನಿನಲ್ಲಿ ಹಳೆಯ ಕಾಲದಿಂದ ಐದು ಋತುಪರ್ವಗಳಿದ್ದವು. ಇವಕ್ಕೆ 'ಸೆಕ್ಕು' ಎನ್ನುತ್ತಾರೆ. ಮೊದಲನೇ ತಿಂಗಳ ಏಳನೇ ದಿನ, ಮೂರನೇ ತಿಂಗಳ ಮೂರನೇ ದಿನ, ಐದನೇ ತಿಂಗಳ ಐದನೇ ದಿನ, ಏಳನೇ ತಿಂಗಳ ಏಳನೇ ದಿನ, ಒಂಬತ್ತನೇ ತಿಂಗಳ ಒಂಬತ್ತನೇ ದಿನ. ಮೂಲ ಕಲ್ಪನೆ ಚೀನಾದಿಂದ ಬಂದದ್ದು. ಅವರ ಹಳೆಯ ಪಂಚಾಂಗವೂ ನಮ್ಮದರಂತೆಯೇ ಇತ್ತು. ಚಂದ್ರನ ಹನ್ನೆರಡು ತಿಂಗಳಿಗೆ ಸುಮಾರು 354 ದಿನ, ಸೂರ್ಯನ ವರ್ಷಕ್ಕೆ 365 ದಿನ. ವರ್ಷಕ್ಕೆ ಹನ್ನೊಂದು ದಿನ ಕಡಿಮೆ ಬೀಳುತ್ತದೆ. ಈ ಬಾಕಿ ತೀರಿಸಲಿಕ್ಕೆ ಮೂರು ವರ್ಷಕ್ಕೊಮ್ಮೆ, ಅಥವಾ ಅದಕ್ಕೂ ಸ್ವಲ್ಪ ಮುಂಚೆ, ಒಂದು ಅಧಿಕ ಮಾಸ ಸೇರಿಸುತ್ತಾರೆ. ನಮ್ಮಲ್ಲಿ 2023ರಲ್ಲಿ ಅಧಿಕ ಶ್ರಾವಣ ಬಂದದ್ದು ನೆನಪಿರಬಹುದು. ಈ ಹೊಂದಾಣಿಕೆಯಿಂದಲೇ ಹಬ್ಬ ಋತುವನ್ನು ಬಿಟ್ಟು ದೂರ ಹೋಗುವುದಿಲ್ಲ.

ಜಪಾನ್ ಸರಕಾರ ಈ ಪದ್ಧತಿಯನ್ನು ಒಮ್ಮೆಲೇ ಬಿಟ್ಟಿತು. ಮೇಜಿ ಆಳ್ವಿಕೆಯ ಐದನೇ ವರ್ಷದ ಹನ್ನೆರಡನೇ ತಿಂಗಳನ್ನು ಎರಡೇ ದಿನಕ್ಕೆ ಮುಗಿಸಿ, ಮರುದಿನವನ್ನು 1873ರ ಜನವರಿ 1 ಎಂದು ಸಾರಿದರು. ಇದಕ್ಕೆ ಕಾರಣ ಕೇಳಿದರೆ ನಮ್ಮ ವಾಣಿಜ್ಯ ವಿಭಾಗದವರಿಗೆ ನಗು ಬರಬಹುದು. ಮುಂದಿನ ವರ್ಷ ಅಧಿಕ ಮಾಸ ಬರುವುದಿತ್ತು. ನೌಕರರಿಗೆ ತಿಂಗಳ ಪಗಾರ ಕೊಡುವ ಪದ್ಧತಿ ಆಗಲೇ ಬಂದಿದ್ದರಿಂದ ಹದಿಮೂರು ಪಗಾರ ಕೊಡಬೇಕಾಗಿತ್ತು. ಖಜಾನೆಯಲ್ಲಿ ಹಣವಿರಲಿಲ್ಲ. ಹೊಸ ಪಂಚಾಂಗ ತಂದರೆ ಹದಿಮೂರನೇ ಪಗಾರವೂ ಉಳಿಯಿತು, ಎರಡೇ ದಿನದ ಹನ್ನೆರಡನೇ ತಿಂಗಳ ಪಗಾರವೂ ಉಳಿಯಿತು! ಆ ಸರಕಾರದಲ್ಲಿದ್ದು, ಮುಂದೆ ಪ್ರಧಾನಮಂತ್ರಿಯೂ ಆದ ಓಕುಮಾ ಶಿಗೆನೊಬು ಈ ಸಂಗತಿಯನ್ನು ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಅದೇ 1873ರಲ್ಲಿ ಐದು ಸೆಕ್ಕುಗಳ ಸರಕಾರಿ ಮಾನ್ಯತೆಯೂ ರದ್ದಾಯಿತು.

ಸರಕಾರ ಬಿಟ್ಟರೂ ಜನ ಬಿಡಲಿಲ್ಲ. ಆದರೆ ಬಹಳ ಕಡೆ ಹಳೆಯ ಅಂಕಿಯನ್ನೇ ಹೊಸ ಕ್ಯಾಲೆಂಡರಿಗೆ ಹಾಕಿಕೊಂಡರು. ಮೂರನೇ ತಿಂಗಳ ಮೂರನೇ ದಿನ ಎಂದರೆ ಮಾರ್ಚ್ 3, ಏಳನೇ ತಿಂಗಳ ಏಳನೇ ದಿನ ಎಂದರೆ ಜುಲೈ 7. ಇದರಿಂದ ಹಬ್ಬ ಸುಮಾರು ಒಂದು ತಿಂಗಳು ಮುಂದಾಗಿ ಬರಹತ್ತಿತು. ಮಾರ್ಚ್ 3ರ ಹಬ್ಬಕ್ಕೆ ಪೀಚ್ ಹೂವಿನ ಹಬ್ಬ ಎಂಬ ಹೆಸರಿದೆ, ಆದರೆ ಟೋಕಿಯೋದಲ್ಲಿ ಆಗ ಇನ್ನೂ ಚಳಿ, ಪೀಚ್ ಹೂವು ಅರಳಿರುವುದಿಲ್ಲ. ಕಾವು ಕೊಟ್ಟು ಬೇಗ ಅರಳಿಸಿದ ಟೊಂಗೆಯನ್ನು ಅಂಗಡಿಯಿಂದ ತರಬೇಕು.

ಜುಲೈ 7ರ 'ತಾನಾಬಾತಾ' ಹಬ್ಬದ್ದಂತೂ ಇನ್ನೂ ಫಜೀತಿ. ಆಕಾಶಗಂಗೆಯ ಆಚೆ ಈಚೆ ಇರುವ ನೇಕಾರ ಹುಡುಗಿ ಮತ್ತು ದನಗಾಹಿ ಹುಡುಗ, ಈ ಎರಡು ನಕ್ಷತ್ರಗಳು ವರ್ಷಕ್ಕೊಂದು ರಾತ್ರಿ ಕೂಡುತ್ತವೆ ಎಂಬ ಕಥೆ ಇದಕ್ಕಿದೆ. ಮಕ್ಕಳು ತಮ್ಮ ಆಸೆಗಳನ್ನು ಬಣ್ಣದ ಕಾಗದದ ಪಟ್ಟಿಯ ಮೇಲೆ ಬರೆದು ಬಿದಿರಿನ ಟೊಂಗೆಗೆ ಕಟ್ಟುತ್ತಾರೆ. ಆದರೆ ಜುಲೈ 7 ಟೋಕಿಯೋದ ಮಳೆಗಾಲದ ನಡುವೆ ಬರುತ್ತದೆ. ನಕ್ಷತ್ರ ಕಾಣುವುದೇ ಅಪರೂಪ. ಅದಕ್ಕೇ ಸೆಂದಾಯ್ ನಗರದಲ್ಲಿ ಇದನ್ನು ಒಂದು ತಿಂಗಳು ಹಿಂದಕ್ಕೆ ಸರಿಸಿ ಆಗಸ್ಟ್ 6ರಿಂದ 8ರವರೆಗೆ ಮಾಡುತ್ತಾರೆ. ಟೋಕಿಯೋದ ಆಸಾಗಾಯಾ ಪೇಟೆಯ ಹಬ್ಬವೂ ಆಗಸ್ಟಿನದೇ, ಅದನ್ನು 1954ರಲ್ಲಿ ಅಲ್ಲಿಯ ಅಂಗಡಿಕಾರರು ಸುರುಮಾಡಿದರು. 2001ರಿಂದ ಜಪಾನಿನ ರಾಷ್ಟ್ರೀಯ ಖಗೋಲ ವೀಕ್ಷಣಾಲಯವೇ ಹಳೆಯ ಲೆಕ್ಕದ ತಾನಾಬಾತಾ ಯಾವ ದಿನ ಎಂದು ಪ್ರತಿ ವರ್ಷ ತಿಳಿಸುತ್ತದೆ.

ಇಲ್ಲಿ ನಮಗೆ ಸಂಬಂಧಪಟ್ಟ ಒಂದು ಸ್ವಾರಸ್ಯವಿದೆ. ಆ ನೇಕಾರ ಹುಡುಗಿ ಎಂದರೆ ನಮ್ಮ ಅಭಿಜಿತ್ ನಕ್ಷತ್ರ. ಆ ದನಗಾಹಿ ಎಂದರೆ ಶ್ರವಣ ನಕ್ಷತ್ರ. ಯಾವ ತಿಂಗಳ ಹುಣ್ಣಿಮೆಯ ಚಂದ್ರ ಶ್ರವಣದ ಹತ್ತಿರ ಇರುತ್ತಾನೋ ಅದೇ ಶ್ರಾವಣ ಮಾಸ. ಜಪಾನಿನ ಹಳೆಯ ಏಳನೇ ತಿಂಗಳು ಸಾಮಾನ್ಯವಾಗಿ ನಮ್ಮ ಶ್ರಾವಣವೇ ಆಗುತ್ತದೆ. ಅಧಿಕ ಮಾಸದ ವ್ಯತ್ಯಾಸವಿದ್ದ ವರ್ಷ ಮಾತ್ರ ತಿಂಗಳು ಹಿಂದುಮುಂದಾಗುತ್ತದೆ. 2022ರಲ್ಲಿ ನಾಗರ ಪಂಚಮಿ ಆಗಸ್ಟ್ 2ಕ್ಕೆ ಬಂತು, ಹಳೆಯ ಲೆಕ್ಕದ ತಾನಾಬಾತಾ ಆಗಸ್ಟ್ 4ಕ್ಕೆ. ಅಂದರೆ ನಮ್ಮ ಹುಡುಗಿಯರು ಗಿಡಕ್ಕೆ ಜೋಕಾಲಿ ಕಟ್ಟಿ ಜೀಕುವ, ಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ತಿರುಗಿಸುವ ದಿನಗಳೂ, ಅವರ ಮಕ್ಕಳು ಬಿದಿರಿಗೆ ಕಾಗದ ಕಟ್ಟುತ್ತಿದ್ದ ದಿನವೂ ಒಂದೇ ವಾರದವು. ಹಾಗೆಯೇ ಅವರು ಹಿಟ್ಟಿನ ಉಂಡೆ ಇಟ್ಟು ಚಂದ್ರನನ್ನು ನೋಡುವ ಎಂಟನೇ ತಿಂಗಳ ಹುಣ್ಣಿಮೆ ಹೆಚ್ಚಾಗಿ ನಮ್ಮ ಜೋಕುಮಾರ ಹುಣ್ಣಿಮೆಯೇ. ಆ ರಾತ್ರಿ ಕೆಲವು ಪ್ರಾಂತಗಳಲ್ಲಿ ಹುಡುಗರು ಮನೆ ಮುಂದಿಟ್ಟ ಉಂಡೆಗಳನ್ನು 'ಕದ್ದು' ತಿನ್ನಬಹುದು, ದೊಡ್ಡವರು ಬೈಯುವ ಹಾಗಿಲ್ಲ.

ನಮ್ಮ ದೇಶವೂ ಪಂಚಾಂಗ ಸುಧಾರಣೆ ಮಾಡಿದೆ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಆದರೆ ಹಬ್ಬಗಳನ್ನು ಯಾರೂ ಅದರಿಂದ ಎಣಿಸಲಿಲ್ಲ. ಗೋಡೆಯ ಮೇಲೆ ಮುಂಬಯಿಯಲ್ಲಿ 1973ರಿಂದ ಅಚ್ಚಾಗುತ್ತಿರುವ 'ಕಾಲನಿರ್ಣಯ' ಇರಲಿ, ನಮ್ಮ ಊರಿನ ಯಾವುದೇ ಕ್ಯಾಲೆಂಡರ್ ಇರಲಿ, ಇಂಗ್ಲಿಷ್ ತಾರೀಖಿನ ಕೆಳಗೆ ತಿಥಿ ಇದ್ದೇ ಇರುತ್ತದೆ. ಕರ್ನಾಟಕ ಮಹಾರಾಷ್ಟ್ರ ಎರಡರಲ್ಲೂ ತಿಂಗಳು ಅಮಾವಾಸ್ಯೆಗೇ ಮುಗಿಯುತ್ತದೆ. ಆದ್ದರಿಂದ ಪುಣೆಗೆ ಬಂದ ಕನ್ನಡಿಗನಿಗೆ ತಿಥಿಯ ನಷ್ಟವಿಲ್ಲ. ನಮ್ಮ ನಷ್ಟ ಉಳಿದೆರಡರಲ್ಲಿದೆ, ಸಾಮಾನು ಮತ್ತು ಜಾಗ.

3. ಸಾಮಾನೂ ಜಾಗವೂ ಕಡಿಮೆಯಾದಾಗ

ಟೋಕಿಯೋದಂಥ ಊರಿನಲ್ಲಿ ಮನೆ ಬಹಳ ಸಣ್ಣವು. ಆದರೂ ಅಲ್ಲಿಯ ಮಕ್ಕಳ ಹಬ್ಬಗಳು ನಿಂತಿಲ್ಲ. ಹೇಗೆ ಅನ್ನುವುದಕ್ಕೆ ಮೂರು ಉದಾಹರಣೆ ನೋಡೋಣ.

ಮಾರ್ಚ್ 3ರ 'ಹಿನಾ ಮತ್ಸುರಿ' ಹೆಣ್ಣುಮಕ್ಕಳ ಗೊಂಬೆ ಹಬ್ಬ. ಪೂರ್ತಿ ಜೋಡಣೆಯಲ್ಲಿ ಕೆಂಪು ಬಟ್ಟೆ ಹಾಸಿದ ಏಳು ಮೆಟ್ಟಿಲು, ಹದಿನೈದು ಗೊಂಬೆ. ಎಲ್ಲಕ್ಕೂ ಮೇಲೆ ಚಕ್ರವರ್ತಿ ಮತ್ತು ರಾಣಿಯ ಜೋಡಿ, ಕೆಳಗೆ ಮೂವರು ಪರಿಚಾರಿಕೆಯರು, ಐವರು ವಾದ್ಯಗಾರರು, ಇಬ್ಬರು ಮಂತ್ರಿಗಳು, ಮೂವರು ಸೇವಕರು. ಇದನ್ನು ಓದಿದಾಗ ಮೈಸೂರು ಕಡೆಯ ದಸರೆಯ ಗೊಂಬೆ ಹಬ್ಬ ನೆನಪಾಗದೆ ಇರದು. ಅಲ್ಲಿಯೂ ಮೆಟ್ಟಿಲು, ಅಲ್ಲಿಯೂ ಮೇಲೆ ರಾಜ-ರಾಣಿಯರ ಪಟ್ಟದ ಗೊಂಬೆ. ತವರಿನಿಂದ ಮದುವೆಯಾದ ಮಗಳಿಗೆ ಕೊಡುವ ಜೋಡಿ ಅದು. ಏಳು ಮೆಟ್ಟಿಲಿಗೆ ಜಾಗವಿಲ್ಲದ ಜಪಾನಿನ ಮನೆಗಳಲ್ಲಿ ಮೇಲಿನ ಜೋಡಿ ಒಂದನ್ನೇ ಇಡುತ್ತಾರೆ. ಹಬ್ಬ ಸಣ್ಣದಾಯಿತು, ಬಿದ್ದುಹೋಗಲಿಲ್ಲ.

ಮೇ 5ರಂದು ಗಾಳಿಯಲ್ಲಿ ಉಬ್ಬುವ ಬಟ್ಟೆಯ ಮೀನುಗಳನ್ನು ಎತ್ತರದ ಕಂಬಕ್ಕೆ ಏರಿಸುತ್ತಾರೆ. ಅವಕ್ಕೆ 'ಕೋಯಿನೊಬೋರಿ' ಎಂದು ಹೆಸರು. ಜಲಪಾತವನ್ನು ಎದುರೇರಿದ ಮೀನು ಡ್ರ್ಯಾಗನ್ ಆಯಿತು ಎಂಬ ಚೀನೀ ಕಥೆ ಇದರ ಹಿಂದಿದೆ, ಮಗನೂ ಹಾಗೆ ಮೇಲೇರಲಿ ಎಂಬ ಹಾರೈಕೆ. ಮೊದಲು ಇದು ಗಂಡುಮಕ್ಕಳ ಹಬ್ಬವಾಗಿತ್ತು. 1948ರ ಕಾನೂನಿನಿಂದ ಎಲ್ಲ ಮಕ್ಕಳ ದಿನವಾಗಿ ರಾಷ್ಟ್ರೀಯ ರಜೆಯಾಯಿತು. ತಾಯಂದಿರಿಗೆ ಕೃತಜ್ಞತೆ ಹೇಳುವುದೂ ಆ ದಿನದ ಉದ್ದೇಶ ಎಂದು ಅದೇ ಕಾನೂನಿನಲ್ಲಿ ಬರೆದಿದೆ. ಅಂಗಳವಿಲ್ಲದವರಿಗಾಗಿ ಬಾಲ್ಕನಿಯ ಕಟಕಟೆಗೆ ಸಿಗಿಸುವ ಸಣ್ಣ ಮೀನುಗಳು ಅಂಗಡಿಯಲ್ಲಿ ಸಿಗುತ್ತವೆ.

ಮೂರನೆಯದು ಫೆಬ್ರುವರಿಯ 'ಸೆತ್ಸುಬುನ್'. ಅವರ ಲೆಕ್ಕದಲ್ಲಿ ವಸಂತ ಸುರುವಾಗುವ ಹಿಂದಿನ ದಿನ. ಅಪ್ಪ ರಾಕ್ಷಸನ ಮುಖವಾಡ ಹಾಕಿಕೊಳ್ಳುತ್ತಾನೆ, ಮಕ್ಕಳು ಹುರಿದ ಸೋಯಾ ಕಾಳು ಎರಚಿ ಅವನನ್ನು ಓಡಿಸಿ, ಭಾಗ್ಯವನ್ನು ಒಳಗೆ ಕರೆಯುತ್ತಾರೆ. ಆಮೇಲೆ ತಮ್ಮ ವಯಸ್ಸಿನಷ್ಟು ಕಾಳು ಎಣಿಸಿ ತಿನ್ನುತ್ತಾರೆ. ಉತ್ತರದ ಹೊಕ್ಕಾಯಿದೋ ಕಡೆ ಸಿಪ್ಪೆಯ ಸಹಿತ ಶೇಂಗಾ ಎರಚುತ್ತಾರೆ, ಹೆಕ್ಕಿ ತಿನ್ನಲಿಕ್ಕೆ ಅನುಕೂಲ! ಈ ದಿನ ಸೂರ್ಯನ ಗತಿಗೆ ಕಟ್ಟಿದ್ದು, ಆದ್ದರಿಂದ ನಮ್ಮ ಸಂಕ್ರಾಂತಿ ಜನವರಿ 14ರಿಂದ 15ಕ್ಕೆ ಜಾರುವ ಹಾಗೆ ಇದೂ ಆಗಾಗ ಜಾರುತ್ತದೆ. ಸಾಮಾನ್ಯವಾಗಿ ಫೆಬ್ರುವರಿ 3ಕ್ಕೆ ಬರುವುದು 2021ರಲ್ಲಿ 2ಕ್ಕೆ ಬಂತು, 1897ರ ನಂತರ ಅದೇ ಮೊದಲ ಸಲ.

ಸೆತ್ಸುಬುನ್‌ದಲ್ಲಿಯೇ ಇನ್ನೊಂದು ಸಂಗತಿ ಕಲಿಯುವಂಥದ್ದಿದೆ. ಆ ದಿನ ಶುಭದಿಕ್ಕಿಗೆ ಮುಖ ಮಾಡಿ ಮಾತಾಡದೆ ಒಂದು ದಪ್ಪ ಅನ್ನದ ಸುರುಳಿ ತಿನ್ನುವ ರೂಢಿ ಓಸಾಕಾ ಕಡೆ ಇತ್ತು. 1990ರ ದಶಕದ ಸುಮಾರಿಗೆ ದೊಡ್ಡ ದೊಡ್ಡ ಅಂಗಡಿ ಸರಣಿಗಳು ಅದನ್ನು ದೇಶಕ್ಕೆಲ್ಲ ಹಬ್ಬಿಸಿದವು. ಮಾರಾಟ ಬೆಳೆಯಿತು, ಮಾರಾಟವಾಗದೆ ಉಳಿದ ಸುರುಳಿಗಳು ಕಸಕ್ಕೆ ಹೋಗುವುದೂ ಬೆಳೆಯಿತು. ಕೊನೆಗೆ 2019ರಲ್ಲಿ ಅಲ್ಲಿಯ ಕೃಷಿ ಮಂತ್ರಾಲಯವೇ ಬೇಡಿಕೆಯಷ್ಟೇ ತಯಾರಿಸಿರಿ ಎಂದು ಅಂಗಡಿಗಳಿಗೆ ಹೇಳಬೇಕಾಯಿತು. ಒಂದೇ ದಿನದ ಎರಡು ಆಚರಣೆ ಇವು. ಕಾಳು ಎರಚುವುದರಲ್ಲಿ ಮಗುವಿಗೆ ಕೆಲಸವಿದೆ: ಮುಖವಾಡ ಮಾಡಬೇಕು, ಎರಚಬೇಕು, ಎಣಿಸಬೇಕು. ಸುರುಳಿಯಲ್ಲಿ ಮಗು ಬರೇ ಗಿರಾಕಿ.

ಜಪಾನಿನ ದೊಡ್ಡ ಊರುಗಳಲ್ಲಿ ಈ ಮಗುವಿನ ಕೆಲಸವನ್ನು ಉಳಿಸಿದ್ದು ಬಹುಮಟ್ಟಿಗೆ ಶಿಶುವಿಹಾರಗಳು. ಮನೆಯಲ್ಲಿ ಬಿದಿರಿಲ್ಲದಿದ್ದರೂ ಶಿಶುವಿಹಾರದ ಬಾಗಿಲಲ್ಲಿ ಬಿದಿರು ನಿಲ್ಲಿಸುತ್ತಾರೆ. ಮೇ ತಿಂಗಳಲ್ಲಿ ಕಾಗದದ ಮೀನು, ಫೆಬ್ರುವರಿಯಲ್ಲಿ ಕಾಗದದ ರಾಕ್ಷಸ, ಎಲ್ಲ ಮಕ್ಕಳ ಕೈಯಿಂದಲೇ. ವರ್ಷದ ಪಾಠದ ಪಟ್ಟಿಯಲ್ಲಿ ಹಬ್ಬಗಳೂ ಸೇರಿರುತ್ತವೆ. ಅಂಗಳ ಹೋಯಿತು, ಆ ಅಂಗಳದ ಕೆಲಸವನ್ನು ಶಾಲೆ ವಹಿಸಿಕೊಂಡಿತು.

4. ಪುಣೆ ಏನು ಮಾಡಿದೆ?

ಪುಣೆ ಎಂದ ಕೂಡಲೆ ಎಲ್ಲರಿಗೂ 1893ರ ಸುಮಾರಿಗೆ ಲೋಕಮಾನ್ಯ ಟಿಳಕರು ಬೆಳೆಸಿದ ಸಾರ್ವಜನಿಕ ಗಣೇಶೋತ್ಸವ ನೆನಪಾಗುತ್ತದೆ. ಅದು ದೊಡ್ಡವರ ಉತ್ಸವ, ಮಕ್ಕಳು ನೋಡುವವರು. ಮಕ್ಕಳದೇ ಆದ ಹಬ್ಬ ಬೇರೆ ಇವೆ.

ಆಶ್ವಿನದ ನವರಾತ್ರಿಯಲ್ಲಿ ಹುಡುಗಿಯರು ಮಣೆಯ ಮೇಲೆ ಆನೆಯ ಚಿತ್ರ ಬರೆದು ನಡುವೆ ಇಟ್ಟು, ಸುತ್ತಲೂ ಕೈಕೈ ಹಿಡಿದು ಹಾಡುತ್ತಾ ತಿರುಗುತ್ತಾರೆ. ಇದೇ ಭೋಂಡಲಾ, ಕೆಲವು ಕಡೆ ಹಾದಗಾ ಎಂದೂ ಕರೆಯುತ್ತಾರೆ. ಆನೆ ಯಾಕೆ? ಆ ಹೊತ್ತಿಗೆ ಸೂರ್ಯ ಹಸ್ತಾ ನಕ್ಷತ್ರದಲ್ಲಿರುತ್ತಾನೆ, ಹಸ್ತಿ ಎಂದರೆ ಆನೆ. ನಮ್ಮ ರೈತರು ಹೇಳುವ ಹಸ್ತಾ ಮಳೆಯೂ ಇದೇ. ಹಾಡು ಮುಗಿದ ಮೇಲೆ ಆ ದಿನ ಮನೆಯವರು ಮುಚ್ಚಿಟ್ಟ ತಿನಿಸು ಯಾವುದು ಎಂದು ಹುಡುಗಿಯರು ಗುರುತಿಸಬೇಕು. ಈಗ ಅನೇಕ ಸೊಸೈಟಿಗಳಲ್ಲಿ ಇದು ಒಂದೇ ಸಂಜೆಗೆ ಮುಗಿಯುತ್ತದೆ. ಆದರೂ ಹಾಡುವವರು ಹುಡುಗಿಯರೇ, ಊಹಿಸುವವರೂ ಅವರೇ.

ಸಂಕ್ರಾಂತಿಯ ದಿನಗಳಲ್ಲಿ ಸಣ್ಣ ಮಕ್ಕಳಿಗೆ 'ಬೋರನ್ಹಾಣ' ಮಾಡುತ್ತಾರೆ. ಕಪ್ಪು ಅಂಗಿ ತೊಡಿಸಿ, ಎಳ್ಳುಸಕ್ಕರೆಯ ಒಡವೆ ಹಾಕಿ, ತಲೆಯ ಮೇಲಿಂದ ಬಾರಿಹಣ್ಣು, ಕಬ್ಬಿನ ತುಂಡು, ಚುರಮುರಿ ಸುರಿಯುತ್ತಾರೆ. ಸುತ್ತ ನಿಂತ ಹುಡುಗರು ಹೆಕ್ಕಿಕೊಳ್ಳಲು ಮುಗಿಬೀಳುತ್ತಾರೆ. ಮೈಸೂರು ಸೀಮೆಯಲ್ಲಿ ಎಲಚಿ ಹಣ್ಣು ಎರೆಯುವುದು ಇದರ ಅಕ್ಕನೋ ತಂಗಿಯೋ ಆಗಬೇಕು. ಆ ಕಾಲದಲ್ಲಿ ಹೊಲ-ಬೇಲಿಗಳಲ್ಲಿ ಸಿಗುವುದೇ ಮಗುವಿನ ತಲೆಯ ಮೇಲೆ ಬೀಳುತ್ತದೆ. ಪೇಟೆಯಲ್ಲಿ ಆ ಸಾಮಾನೆಲ್ಲ ಸಿಗುವುದರಿಂದ ಈ ಹಬ್ಬಕ್ಕೆ ಇಲ್ಲಿ ಧಕ್ಕೆಯಿಲ್ಲ.

ಎಲ್ಲಕ್ಕೂ ಮುಖ್ಯವಾದದ್ದು ದೀಪಾವಳಿಯ ಕಿಲ್ಲಾ. ದೀಪಾವಳಿ ರಜೆ ಬಂತೆಂದರೆ ಪುಣೆಯ ಹುಡುಗರು ಕಲ್ಲು, ಇಟ್ಟಂಗಿ, ಗೋಣಿಚೀಲ, ಮಣ್ಣು ಕೂಡಿಸಿ ಕೋಟೆ ಕಟ್ಟುತ್ತಾರೆ. ಮೇಲೆ ರಾಗಿಯನ್ನೋ ಸಾಸಿವೆಯನ್ನೋ ಚೆಲ್ಲಿ ನೀರು ಚಿಮುಕಿಸಿದರೆ ನಾಲ್ಕಾರು ದಿನಕ್ಕೆ ಹಸಿರು ಬರುತ್ತದೆ. ಸಿಂಹಾಸನದ ಮೇಲೆ ಶಿವಾಜಿ ಮಹಾರಾಜರು, ಬುರುಜಿಗೆ ಮಾವಳೆ ಸೈನಿಕರು. ಈ ಮಣ್ಣಿನ ಗೊಂಬೆಗಳಿಗೆ ಕಸಬಾ ಪೇಟೆಯ ಕುಂಭಾರವಾಡಾ ಹೆಸರಾದದ್ದು. ಸಿಂಹಗಡ, ರಾಜಗಡ, ತೋರಣಾ ಈ ಕೋಟೆಗಳ ಬಾಗಿಲು ಎಲ್ಲಿ, ನೀರಿನ ತೊಟ್ಟಿ ಎಲ್ಲಿ ಎಂದು ಹತ್ತು ವರ್ಷದ ಹುಡುಗ ಬಾಯಿಪಾಠ ಹೇಳುತ್ತಾನೆ. ಪುಸ್ತಕ ಓದಿ ಅಲ್ಲ, ಕಟ್ಟಿ ಕಲಿತದ್ದು.

ಕಿಲ್ಲಾಕ್ಕೂ ಬೇಕಾದದ್ದು ಮಣ್ಣು ಮತ್ತು ಜಾಗ. ಇವೆರಡೂ ಪುಣೆಯಲ್ಲಿ ಕಡಿಮೆಯೇ. ಆದರೂ ಕಿಲ್ಲಾ ಉಳಿದಿದೆ. ದೀಪಾವಳಿ ಬಂದಾಗ ರಸ್ತೆ ಪಕ್ಕದಲ್ಲಿ ಚೀಲದಲ್ಲಿ ಮಣ್ಣು ಮಾರುತ್ತಾರೆ, ಸೊಸೈಟಿಯವರು ಪಾರ್ಕಿಂಗಿನ ಒಂದು ಮೂಲೆ ಬಿಟ್ಟುಕೊಡುತ್ತಾರೆ, ಸ್ಪರ್ಧೆ ಇಟ್ಟು ಬಹುಮಾನ ಕೊಡುತ್ತಾರೆ. ಹಾಗಾದರೆ ನಮ್ಮ ಮಣ್ಣೆತ್ತು ಯಾಕೆ ಉಳಿಯಲಿಲ್ಲ?

5. ನಮ್ಮ ಮನೆಯ ಒಂದು ಪ್ರಸಂಗ

ಹೋದ ಜ್ಯೇಷ್ಠ ಅಮಾವಾಸ್ಯೆಗೆ ಅವ್ವ ಊರಿಂದ ಅಕ್ಕನ ಮನೆಗೆ ಬಂದಿದ್ದಳು. ಮೊಮ್ಮಗಳಿಗೆ ಎತ್ತು ಮಾಡಿಕೊಡಬೇಕೆಂದು ಅವಳ ಆಸೆ. ಮಳೆ ಬಂದು ನೆಲ ಹಸಿಯಾಗಿತ್ತು. ಕೆಳಗೆ ಹೋಗಿ ಹೂವಿನ ಪಾತಿಯಿಂದ ಒಂದು ಬೊಗಸೆ ಮಣ್ಣು ತೆಗೆದಳು. ಕಾವಲಿನವನು ಓಡಿ ಬಂದು, "ಆಜಿ, ಮಾತೀ ನೇಊ ನಕಾ" ಅಂದ, ಮಣ್ಣು ಒಯ್ಯಬೇಡಿರಿ ಅಂತ. ಪಾತಿಗೆ ಕೈ ಹಚ್ಚಬಾರದೆಂದು ಕಮಿಟಿಯ ನಿಯಮವಂತೆ. ಅವ್ವನಿಗೆ ಮರಾಠಿ ಅಷ್ಟು ತಿಳಿಯದು, ಆದರೆ ಬೇಡ ಅನ್ನುವುದು ತಿಳಿಯಿತು. ಬೊಗಸೆಯನ್ನು ಅಲ್ಲಿಯೇ ಸುರುವಿ ಕೈ ಜಾಡಿಸಿಕೊಂಡು ಮೇಲೆ ಬಂದಳು. "ಮಣ್ಣಿಗೂ ಕೇಳಬೇಕೇನೋ ತಮ್ಮಾ, ಈ ಊರಾಗ?" ಅಂದಳು. ಆಮೇಲೆ ಗೋದಿ ಹಿಟ್ಟು ನಾದಿ ಎರಡು ಎತ್ತು ಮಾಡಿದಳು. ಮೊಮ್ಮಗಳು ಅರಿಷಿಣ ಕುಂಕುಮ ಹಚ್ಚಿದಳು. ಮರುದಿನ ಎತ್ತುಗಳು ಬಿರುಕು ಬಿಟ್ಟು, ಇರುವೆ ಮುತ್ತಿ, ಕಸದ ಡಬ್ಬಿಗೆ ಹೋದವು. ಆ ಹುಡುಗಿಯ ಎಣಿಕೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಯಾಕೆ ಬರಲಿಲ್ಲ ಎಂಬುದು ನನಗೆ ಈಗ ತಿಳಿಯುತ್ತದೆ. ಆಕೆಯ ಪಾಲಿಗೆ ಅದು ಹಿಟ್ಟಿನ ಆಟವಾಗಿತ್ತು, ಅದೂ ಒಬ್ಬಳೇ ಆಡಿದ್ದು.

ಅದೇ ಸೊಸೈಟಿಯಲ್ಲಿ ದೀಪಾವಳಿಗೆ ಒಂದು ಟ್ರಾಲಿ ಕೆಂಪು ಮಣ್ಣು ಬಂದು ಬಿತ್ತು. ನನಗೆ ಸಿಟ್ಟು ಬಂದದ್ದು ನಿಜ. ಸೊಸೈಟಿಯ ಸೆಕ್ರೆಟರಿಯವರ ಹತ್ತಿರ ಹೋಗಿ, ಜ್ಯೇಷ್ಠದಲ್ಲಿಯೂ ಹೀಗೆ ಮಣ್ಣು ತರಿಸಬಹುದೇ ಎಂದು ಕೇಳಿದೆ. ಯಾತಕ್ಕೆ ಎಂದರು. ಮಣ್ಣಿನ ಎತ್ತು, ಮಕ್ಕಳು ಮಾಡುವುದು, ಪೂಜೆ, ಎಲ್ಲ ಹೇಳಿದೆ. ಅವರು ನಕ್ಕು, "ಅಂದರೆ ನಮ್ಮ ಬೈಲ ಪೋಳಾ! ನಿಮ್ಮದು ಎರಡು ತಿಂಗಳು ಮೊದಲು ಬರುತ್ತದೆಯೇ? ಯಾರೂ ನಮಗೆ ಹೇಳಲೇ ಇಲ್ಲವಲ್ಲ" ಎಂದರು. ಮಹಾರಾಷ್ಟ್ರದಲ್ಲಿ ಎತ್ತಿನ ಹಬ್ಬ ಹೆಚ್ಚಾಗಿ ಶ್ರಾವಣದ ಅಮಾವಾಸ್ಯೆಗೆ. ಪುಣೆಯ ಪೇಟೆಯಲ್ಲಿ ಆಗ ಮಣ್ಣಿನ ಜೋಡೆತ್ತು ಮಾರಾಟಕ್ಕೆ ಬರುತ್ತವೆ. ಅವರ ಮನೆಯಲ್ಲಿಯೂ ತಂದು ಪೂಜಿಸುತ್ತಾರಂತೆ.

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು, ನಾಚಿಕೆ ಉಳಿಯಿತು. ಮಣ್ಣಿಲ್ಲ, ಜಾಗವಿಲ್ಲ, ಮರಾಠಿ ಊರು ಎಂದು ನಾವು ಹೇಳುತ್ತಿದ್ದ ಕಾರಣಗಳೆಲ್ಲ ಅರ್ಧ ಸತ್ಯ. ಕಿಲ್ಲಾಕ್ಕೆ ಮಣ್ಣು ಬರುವುದು ನಾಲ್ಕು ಮನೆಯ ಮಕ್ಕಳು ಕೂಡಿ ಹಟ ಹಿಡಿಯುವುದರಿಂದ. ಮಣ್ಣೆತ್ತಿಗೆ ನಾವು ಯಾರೂ ಕೇಳಿಯೇ ಇರಲಿಲ್ಲ. ಮನೆಯೊಳಗೆ ಬಾಗಿಲು ಹಾಕಿಕೊಂಡು ಮಾಡಿದೆವು, ಹಿಟ್ಟಿನಿಂದ ಮಾಡಿದೆವು, ಆಮೇಲೆ ಬಿಟ್ಟೆವು. ಹಬ್ಬದ ಜೊತೆಗೆ ಮಾತೂ ಹೋಗುತ್ತದೆ. ಗುಳ್ಳವ್ವನ ಹಾಡು ಹಾಡುವುದು ಗುಳ್ಳವ್ವನ ಮುಂದೆಯೇ. ಗುಳ್ಳವ್ವನೇ ಇಲ್ಲದ ಮೇಲೆ ಆ ಹಾಡಿನ ಕನ್ನಡ ನಮ್ಮ ಅಕ್ಕನಿಗೇ ಕೊನೆಯಾಗುತ್ತದೆ. 'ಯುಗಾದಿ' ಬರೆದ ಬೇಂದ್ರೆಯವರು ಇದೇ ಊರಿನ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಆದವರು. ಅವರ ಕವಿತೆಯನ್ನು ಸ್ಪರ್ಧೆಯಲ್ಲಿ ಹಾಡುವ ನಾವು, ಅಂಥ ಕವಿತೆಗೆ ಮಾತು ಕೊಟ್ಟ ಹಬ್ಬಗಳನ್ನು ಪರೀಕ್ಷೆಯ ಟಿಪ್ಪಣಿಯಲ್ಲಿ ಮಾತ್ರ ಇಟ್ಟುಕೊಂಡರೆ ಹೇಗೆ?

6. ಉಪಸಂಹಾರ ಮತ್ತು ಒಂದು ಸೂಚನೆ

ಮೇಲಿನದನ್ನು ಜಮಾ-ಖರ್ಚಿನ ಹಾಗೆ ಬರೆಯುವುದಾದರೆ ಹೀಗಾಗುತ್ತದೆ. ಜಪಾನ್ ತಿಥಿಯನ್ನು ಕಳೆದುಕೊಂಡಿತು, ಆದರೆ ಶಿಶುವಿಹಾರದ ಮೂಲಕ ಮಗುವಿನ ಕೈಕೆಲಸ ಉಳಿಸಿಕೊಂಡಿತು. ಪುಣೆಯ ಮರಾಠಿ ಸಮಾಜ ಅಂಗಳ ಕಳೆದುಕೊಂಡಿತು, ಸೊಸೈಟಿಯ ಮೂಲೆಯಲ್ಲಿ ಕಿಲ್ಲಾ ಉಳಿಸಿಕೊಂಡಿತು. ಪುಣೆಯ ಕನ್ನಡ ಮನೆಗಳಿಗೆ ತಿಥಿ ಉಳಿದಿದೆ, ಮಣ್ಣು ಪೇಟೆಯಲ್ಲಿ ಸಿಗುತ್ತದೆ, ಜಾಗ ಕೇಳಿದರೆ ಕೊಡುವವರಿದ್ದಾರೆ. ಖರ್ಚಿನ ಬಾಜುವಿನಲ್ಲಿ ಇರುವುದು ನಮ್ಮ ಸಂಕೋಚ ಒಂದೇ.

ಆದ್ದರಿಂದ ಮಂಡಳದ ಮುಂದೆ ಒಂದು ಸೂಚನೆ ಇಡುತ್ತಿದ್ದೇನೆ. ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ವರ್ಗಣಿ ಕೂಡಿಸಿ ಎರಡು ಚೀಲ ಒಳ್ಳೆಯ ಮಣ್ಣು ತರಿಸೋಣ. ಪ್ರಾಚಾರ್ಯರ ಅಪ್ಪಣೆ ಪಡೆದು ಕಾಲೇಜಿನ ಹಿಂದಿನ ಬಯಲಿನಲ್ಲಿ ಹಾಕೋಣ. ನಮ್ಮ ನಮ್ಮ ಮನೆಯ, ನೆರೆಮನೆಯ ಸಣ್ಣ ಹುಡುಗರನ್ನು ಕರೆಯೋಣ. ಮರಾಠಿ ಹುಡುಗರೂ ಬರಲಿ, ಅವರಿಗೆ ಮಣ್ಣು ಕಲಿಸುವುದು ನಮಗಿಂತ ಚೆನ್ನಾಗಿ ಗೊತ್ತು. ಭಾಷಣ, ಹಾರ, ಮುಖ್ಯ ಅತಿಥಿ ಯಾವುದೂ ಬೇಡ. ಎತ್ತು ಹೇಗೆ ಮಾಡಬೇಕೆಂದು ತೋರಿಸಲಿಕ್ಕೆ ನಮ್ಮ ಅವ್ವ ಬರುತ್ತಾಳೆ, ನಾನು ಆಗಲೇ ಕೇಳಿದ್ದೇನೆ. "ಮಣ್ಣು ಖರೇನ ಇರ್ತದೇನೋ ಮತ್ತ?" ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದಾಳೆ.

ಓದುಗ ಮಿತ್ರರು ತಮ್ಮ ತಮ್ಮ ಊರಿನ ಮಕ್ಕಳ ಹಬ್ಬಗಳ ವಿವರವನ್ನು, ಯಾವ ತಿಥಿ, ಏನು ಸಾಮಾನು, ಮಕ್ಕಳು ಏನು ಮಾಡುತ್ತಾರೆ ಎಂಬ ಮೂರು ಸಂಗತಿಗಳ ಸಹಿತ, ಒಂದೊಂದು ಹಾಳೆಯಲ್ಲಿ ಬರೆದು ಸಂಪಾದಕರಿಗೆ ಕೊಡಬೇಕೆಂದು ವಿನಂತಿ. ತಪ್ಪುಗಳಿದ್ದರೆ ತಿಳಿದವರು ತಿದ್ದಬೇಕು.